ಬಿರಡೆ ಬಿಚ್ಚುವ ಕಾಲ

ಅಕ್ಟೋಬರ್‌ನ ಯಾವುದಾದರೂ ಶನಿವಾರ ಬೆಳಿಗ್ಗೆ ಅಮೆರಿಕದ ಮಿನೆಸೋಟಾ ರಾಜ್ಯದ ಸರೋವರದಂಡೆಯ ಬಡಾವಣೆಯೊಂದರಲ್ಲಿ ಸುತ್ತಾಡಿದರೆ ಒಂದಲ್ಲ ಒಂದು ಮನೆಯ ಅಂಗಳದಿಂದ ದಟ್ಟ ಬಿಳಿ ಹೊಗೆ ಏಳುತ್ತಿರುತ್ತದೆ. ಸೊಳ್ಳೆ ಓಡಿಸಲು ನಮ್ಮ ನಗರಸಭೆಯವರು ಮಾಡುವ ಫಾಗಿಂಗ್‌ನ ಹಾಗೆಯೇ. ಹೊಗೆ ಬೀದಿ ದಾಟಿ ಎದುರು ಮನೆಯ ಕಿಟಕಿ ಮುಟ್ಟಿದರೂ ಯಾರೂ ಅಗ್ನಿಶಾಮಕ ದಳಕ್ಕೆ ಫೋನ್ ಮಾಡುವುದಿಲ್ಲ. ಟ್ರೇಲರ್ ಮೇಲೆ ಕೂತ ಹದಿನೆಂಟಡಿಯ ಮೋಟಾರು ದೋಣಿ, ಅದರ ಹಿಂಬದಿಗೆ ಸಿಕ್ಕಿಸಿದ ತೋಟದ ಪೈಪು, ಎಂಜಿನ್ನಿನ ಬಾಯಿಗೆ ಸ್ಪ್ರೇ ಡಬ್ಬಿ ಹಿಡಿದು ನಿಂತ ಮನೆಯ ಯಜಮಾನ. ಎಂಜಿನ್ ಕೆಮ್ಮುತ್ತದೆ, ತಡವರಿಸುತ್ತದೆ, ಕೊನೆಗೆ ಉಸಿರು ಕಟ್ಟಿ ನಿಲ್ಲುತ್ತದೆ. ಯಜಮಾನನಿಗೆ ಅದರಿಂದಲೇ ಸಮಾಧಾನ. ಇನ್ನು ಆರು ತಿಂಗಳು ಆ ಎಂಜಿನ್ ಸದ್ದು ಮಾಡುವುದಿಲ್ಲ.

ಅವನ ಕೈಯಲ್ಲಿರುವ ಡಬ್ಬಿಯ ಹೆಸರೂ ಫಾಗಿಂಗ್ ಆಯಿಲ್ ಎಂದೇ. ಓಡುತ್ತಿರುವ ಎಂಜಿನ್ ಗಾಳಿ ಎಳೆದುಕೊಳ್ಳುವ ಕಡೆಯಿಂದ ಈ ಎಣ್ಣೆಯನ್ನು ಸಿಂಪಡಿಸಿದರೆ ಸಿಲಿಂಡರಿನ ಗೋಡೆ, ಪಿಸ್ಟನ್, ವಾಲ್ವುಗಳ ಮೇಲೆ ತೆಳ್ಳನೆಯ ಪದರ ಕೂರುತ್ತದೆ. ನಿಂತ ಎಂಜಿನ್ನಿನೊಳಗೆ ತೇವ ಹೋಗಿ ತುಕ್ಕು ಹಿಡಿಯದಿರಲಿ ಎಂದು ಈ ಉಪಚಾರ. ಇತ್ತೀಚಿನ ಕೆಲವು ಎಂಜಿನ್‌ಗಳಿಗೆ ಇದು ಬೇಡ ಎಂದು ತಯಾರಕರೇ ಹೇಳುತ್ತಾರೆ. ಜೊತೆಗೆ ಕೊಟ್ಟ ಕೈಪಿಡಿಯನ್ನು ಓದಬೇಕು. ಆದರೆ ಹಳೆಯ ಕಾರ್ಬ್ಯುರೇಟರ್ ಎಂಜಿನ್ ಇಟ್ಟುಕೊಂಡವರಿಗೆ ಆ ಹೊಗೆ ಕಾಣದೆ ಕೆಲಸ ಮುಗಿದ ಹಾಗೆ ಅನ್ನಿಸುವುದೇ ಇಲ್ಲ.

ಮಿನೆಸೋಟಾದ ಕಾರುಗಳ ನಂಬರ್ ಪ್ಲೇಟಿನ ಮೇಲೆ ‘ಹತ್ತು ಸಾವಿರ ಸರೋವರಗಳು’ ಎಂದು ಅಚ್ಚಾಗಿರುತ್ತದೆ. ಇದು ಬಡಾಯಿಯಲ್ಲ, ತುಸು ಸಂಕೋಚದ ಲೆಕ್ಕ: ಹತ್ತು ಎಕರೆಗೆ ಕಡಿಮೆಯಿಲ್ಲದ ಸರೋವರಗಳೇ ಅಲ್ಲಿ 11,842 ಇವೆ. ನೋಂದಣಿಯಾದ ದೋಣಿಗಳು 8 ಲಕ್ಷಕ್ಕೂ ಹೆಚ್ಚು. ರಾಜ್ಯದ ಜನಸಂಖ್ಯೆ 60 ಲಕ್ಷವನ್ನೂ ಮುಟ್ಟಿಲ್ಲ. ಅಂದರೆ ಸರಿಸುಮಾರು ಏಳು ಜನರಿಗೊಂದು ದೋಣಿ. ನೀರಿನ ಮೇಲೆ ಸ್ಕೀ ಕಟ್ಟಿಕೊಂಡು ಜಾರುವ ಆಟ ಹುಟ್ಟಿದ್ದೂ ಇಲ್ಲೇ. ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ ಹದಿಹರೆಯದ ಹುಡುಗ 1922ರಲ್ಲಿ ಲೇಕ್ ಪೆಪಿನ್‌ನಲ್ಲಿ ಅದನ್ನು ಮೊದಲು ಮಾಡಿ ತೋರಿಸಿದ.

ಇಷ್ಟೆಲ್ಲ ನೀರು ಚಳಿಗಾಲದಲ್ಲಿ ನೆಲವಾಗಿಬಿಡುತ್ತದೆ. 1996ರ ಫೆಬ್ರವರಿ 2ರಂದು ಉತ್ತರದ ಟವರ್ ಎಂಬ ಊರಿನಲ್ಲಿ ಉಷ್ಣತೆ ಸೊನ್ನೆಗಿಂತ 51 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದಿತ್ತು. ರಾಜ್ಯದ ಮಟ್ಟಿಗೆ ಅದೇ ದಾಖಲೆ. ಹೊಸ ಹಿಮಗಡ್ಡೆ ನಾಲ್ಕು ಅಂಗುಲ ದಪ್ಪವಾದರೆ ಜನ ಅದರ ಮೇಲೆ ನಡೆಯುತ್ತಾರೆ. ಒಂದಡಿಯ ಹತ್ತಿರ ಬಂದರೆ ಕಾರನ್ನೇ ಓಡಿಸಿಕೊಂಡು ಹೋಗುತ್ತಾರೆ. ಆಗಸ್ಟ್‌ನಲ್ಲಿ ದೋಣಿ ತೇಲಿದ ಜಾಗದಲ್ಲಿ ಜನವರಿಯಲ್ಲಿ ಮರದ ಗುಡಿಸಲು ಎದ್ದು ನಿಲ್ಲುತ್ತದೆ. ಗುಡಿಸಲೊಳಗೆ ಹೀಟರ್ ಹಚ್ಚಿಕೊಂಡು, ಹಿಮಗಡ್ಡೆಗೆ ತೂತು ಕೊರೆದು, ಗಾಳ ಬಿಟ್ಟುಕೊಂಡು ಕೂರುತ್ತಾರೆ.

ಅಂಗಳದಲ್ಲಿ ನಿಂತ ದೋಣಿಗೆ ಈ ಚಳಿ ಏನು ಮಾಡುತ್ತದೆ? ಬರಿಯ ಚಳಿ ಹೆಚ್ಚೇನೂ ಮಾಡುವುದಿಲ್ಲ. ಫೈಬರ್‌ಗ್ಲಾಸಿಗೆ, ಅಲ್ಯೂಮಿನಿಯಮ್ಮಿಗೆ, ಎರಕದ ಕಬ್ಬಿಣಕ್ಕೆ ಅದನ್ನು ತಾಳುವ ಶಕ್ತಿಯಿದೆ. ತೊಂದರೆ ಮಾಡುವುದು ಒಳಗೆ ಉಳಿದುಹೋದ ನೀರು. ನೀರು ಹೆಪ್ಪುಗಟ್ಟುವಾಗ ಶೇ 9ರಷ್ಟು ಹಿಗ್ಗುತ್ತದೆ. ಫ್ರೀಜರಿನಲ್ಲಿ ಗಾಜಿನ ಬಾಟಲಿ ಇಟ್ಟು ಮರೆತವರಿಗೆ ಇದರ ಪಾಠ ಬೇಕಿಲ್ಲ. ಎಂಜಿನ್ನಿನ ಸಂದಿಯಲ್ಲಿ ಕೂತ ಒಂದು ಲೋಟ ನೀರು ಸಾವಿರಾರು ಡಾಲರಿನ ಕಬ್ಬಿಣವನ್ನು ಸೀಳಬಲ್ಲದು.

ಕಾರಿಗೆ ಈ ಭಯ ಅಷ್ಟಿಲ್ಲ. ಅದರ ರೇಡಿಯೇಟರಿನಲ್ಲಿ ಹೆಪ್ಪುಗಟ್ಟದ ದ್ರವ ಸದಾ ತುಂಬಿರುತ್ತದೆ. ಸಣ್ಣ ದೋಣಿಗಳ ಎಂಜಿನ್ ಬಹುಮಟ್ಟಿಗೆ ಬೇರೆ ಜಾತಿಯದು. ತಾನು ತೇಲುವ ಸರೋವರದ ನೀರನ್ನೇ ಹೀರಿ, ಮೈಯೊಳಗೆ ಸುತ್ತಿಸಿ, ಬಿಸಿಯಾದ ಮೇಲೆ ಹೊರಗೆ ಉಗುಳುತ್ತದೆ. ಹಾಗಾಗಿ ದೋಣಿಯನ್ನು ದಡಕ್ಕೆಳೆದ ದಿನವೂ ಸರೋವರದ ಒಂದು ಪಾಲು ಅದರೊಳಗೆ ಉಳಿದಿರುತ್ತದೆ. ಚಳಿಗಾಲದ ತಯಾರಿಯೆಂದರೆ ಈ ಪಾಲನ್ನು ಮೂಲೆಮೂಲೆಯಿಂದ ಹುಡುಕಿ ಹೊರಗೆ ಹಾಕುವುದು. ಮಿಕ್ಕದ್ದೆಲ್ಲ ಅದರ ಸುತ್ತಲಿನ ಕೆಲಸ.

ಹಿಂದೆ ತೂಗುಬಿದ್ದ ಔಟ್‌ಬೋರ್ಡ್ ಎಂಜಿನ್ ಇರುವವರು ಅದೃಷ್ಟವಂತರು. ನೆಟ್ಟಗೆ ಇಳಿಸಿ ನಿಲ್ಲಿಸಿದರೆ ನೀರು ತಾನಾಗಿ ಇಳಿದುಹೋಗುತ್ತದೆ. ಅದನ್ನು ಮೇಲೆತ್ತಿ ಇಡುವುದೇ ಹೊಸಬರ ತಪ್ಪು. ಎತ್ತಿಟ್ಟರೆ ಪಂಖದ ನಡುವಿನ ಪೊಟರೆಯಲ್ಲಿ ಮಳೆ, ಹಿಮದ ನೀರು ನಿಂತು ಹೆಪ್ಪುಗಟ್ಟುತ್ತದೆ.

ಕಷ್ಟ ಇರುವುದು ಸ್ಟರ್ನ್‌ಡ್ರೈವ್ ದೋಣಿಯವರಿಗೆ. ಇದರಲ್ಲಿ ಕಾರಿನಂಥದೇ ಎಂಜಿನ್ ದೋಣಿಯ ಹೊಟ್ಟೆಯೊಳಗೆ ಕೂತಿರುತ್ತದೆ. ಪಂಖ ತಿರುಗಿಸುವ ಕಾಲು ಮಾತ್ರ ಹೊರಗೆ. ಎಂಜಿನ್ ವಿ ಆಕಾರದ್ದಾದರೆ ಬ್ಲಾಕಿನ ಎರಡೂ ಬದಿಗೆ ನೀರಿಳಿಸುವ ಒಂದೊಂದು ಬಿರಡೆ, ಹೊಗೆ ಹೋಗುವ ಎರಡು ಮ್ಯಾನಿಫೋಲ್ಡಿಗೂ ಒಂದೊಂದು. ಅಕ್ಕಪಕ್ಕ ಕೈ ತೂರುವುದೇ ಕಷ್ಟ. ಮೊಣಕಾಲೂರಿ, ತಲೆ ಕೆಳಗೆ ಮಾಡಿ, ಕಣ್ಣಿಗೆ ಕಾಣದ ಬಿರಡೆಯನ್ನು ಬೆರಳಿನಲ್ಲೇ ತಡಕಿ ಬಿಚ್ಚಬೇಕು. ಬಿಚ್ಚಿದಾಗ ನೀರು ಧಾರೆಯಾಗಿ ಬಂದರೆ ಸರಿ. ನಾಲ್ಕು ಹನಿ ತೊಟ್ಟಿಕ್ಕಿ ನಿಂತರೆ ‘ಅಯ್ಯೋ, ಖಾಲಿಯೇ ಇದೆ’ ಎಂದುಕೊಂಡು ಏಳುವವನು ಕೆಡುತ್ತಾನೆ. ಅದು ಖಾಲಿಯಲ್ಲ. ತುಕ್ಕಿನ ಚಕ್ಕೆ, ಸರೋವರದ ಮರಳು ಸೇರಿ ತೂತಿನ ಬಾಯಿ ಕಟ್ಟಿರುತ್ತದೆ. ಅನುಭವವಿದ್ದವರು ಜೇಬಿನಲ್ಲೊಂದು ಗಟ್ಟಿ ತಂತಿ ಇಟ್ಟುಕೊಂಡೇ ಕೆಲಸಕ್ಕೆ ಇಳಿಯುತ್ತಾರೆ. ತೂತಿನೊಳಗೆ ಚುಚ್ಚಿ ಎರಡು ಸಲ ತಿರುವಿದರೆ ಕೆಂಪು ಕೆಸರಿನ ಉಂಡೆಯೊಂದು ಉದುರುತ್ತದೆ. ಅದರ ಹಿಂದೆಯೇ ಅಂಗೈ ಮೇಲೆ ತಣ್ಣನೆಯ ನೀರು ದಬದಬ ಬೀಳುತ್ತದೆ. ಆ ಚೊಂಬು ನೀರು ಒಳಗೇ ಇದ್ದಿದ್ದರೆ ಡಿಸೆಂಬರಿನಲ್ಲಿ ಬ್ಲಾಕ್ ಬಿರಿಯುತ್ತಿತ್ತು. ಬಿರಿದದ್ದು ಗೊತ್ತಾಗುತ್ತಿದ್ದುದು ಮೇ ತಿಂಗಳಲ್ಲಿ, ಸರೋವರದ ನಡುವೆ, ಎಂಜಿನ್ ಆಯಿಲ್‌ನಲ್ಲಿ ನೀರು ಬೆರೆತ ಮೇಲೆ.

ಬ್ಲಾಕಿನ ಪಕ್ಕದಲ್ಲಿ ನಾಣ್ಯದಂಥ ತಗಡಿನ ಬಿಲ್ಲೆಗಳನ್ನು ಬಡಿದು ಕೂರಿಸಿರುತ್ತಾರೆ. ಆಡುಮಾತಿನಲ್ಲಿ ಅವಕ್ಕೆ ಫ್ರೀಜ್ ಪ್ಲಗ್ ಎಂದು ಹೆಸರು. ನೀರು ಹೆಪ್ಪುಗಟ್ಟಿದರೆ ಮೊದಲು ಇವು ಹಾರಿಹೋಗಿ ಎಂಜಿನ್ ಉಳಿಯುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ನಿಜಕ್ಕೂ ಅವು ಎರಕ ಹೊಯ್ದಾಗ ಒಳಗಿನ ಮರಳನ್ನು ತೆಗೆಯಲು ಬಿಟ್ಟ ಕಂಡಿಗಳ ಮುಚ್ಚಳ. ಕೆಲವೊಮ್ಮೆ ಹಾರುತ್ತವೆ, ಎಂಜಿನ್ ಬಚಾವಾಗುತ್ತದೆ. ಎಷ್ಟೋ ಸಲ ಬಿಲ್ಲೆಯೂ ಹಾರುತ್ತದೆ, ಬ್ಲಾಕೂ ಸೀಳುತ್ತದೆ.

ನೀರಿಳಿಸಿದ ಮೇಲೆ ಗುಲಾಬಿ ಬಣ್ಣದ ದ್ರವದ ಸರದಿ. ಇದು ಪ್ರೊಪಿಲೀನ್ ಗ್ಲೈಕಾಲ್. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿಯಾದ್ದರಿಂದ ನಾಯಿ ನೆಕ್ಕಿ ಸಾಯುವುದುಂಟು. ಕೊನೆಗೆ ಸರೋವರಕ್ಕೆ ಸೇರುವ ವಸ್ತುವಾದ್ದರಿಂದ ದೋಣಿಗೆ ಈ ಗುಲಾಬಿಯೇ ವಾಸಿ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘ಮೈನಸ್ 50’ ಎಂದಿರುತ್ತದೆ. ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸುಮಾರು ಮೈನಸ್ 46 ಡಿಗ್ರಿ. ಅಲ್ಲಿಯವರೆಗೆ ಪೈಪು ಒಡೆಯದು ಎಂದಷ್ಟೇ ಅದರ ಅರ್ಥ. ದ್ರವ ಅದಕ್ಕೆ ಬಹಳ ಮೊದಲೇ ಬರ್ಫದ ಗೋಲಾದಂತೆ ಗಟ್ಟಿಯಾಗತೊಡಗುತ್ತದೆ. ಒಳಗೆ ಹಳೆಯ ನೀರು ಉಳಿದಿದ್ದು ಅದರ ಜೊತೆ ಬೆರೆತರೆ ಕಸುವು ಇನ್ನೂ ಕಡಿಮೆ. ಬಿರಡೆ ಬಿಚ್ಚುವ ಕಷ್ಟ ತಪ್ಪಿಸಿಕೊಳ್ಳಲು ನೀರಿನ ಮೇಲೇ ಇದನ್ನು ಸುರಿದು ಕೈ ತೊಳೆದುಕೊಳ್ಳುವವರಿದ್ದಾರೆ. ಅದು ಜೂಜು. ಮೊದಲು ಇಳಿಸಬೇಕು, ಆಮೇಲೆ ಸುರಿಯಬೇಕು.

ಆಮೇಲೆ ಗೇರ್ ಎಣ್ಣೆ. ಪಂಖದ ಹತ್ತಿರದ ಗೇರ್ ಪೆಟ್ಟಿಗೆಯ ಕೆಳಗಿನ ಸ್ಕ್ರೂ ಬಿಚ್ಚಿ, ತಟ್ಟೆ ಹಿಡಿದು, ಬೀಳುವ ಎಣ್ಣೆಯ ಬಣ್ಣ ನೋಡಬೇಕು. ಕಪ್ಪೋ ಹಸಿರೋ ಆಗಿದ್ದು ಪಾರದರ್ಶಕವಾಗಿದ್ದರೆ ಸರಿ. ಹಾಲು ಹೆಚ್ಚು ಬೆರೆಸಿದ ಕಾಫಿಯಂತೆ ಕಂಡರೆ ಸೀಲ್ ಹೋಗಿದೆ, ನೀರು ನುಗ್ಗಿದೆ ಎಂದೇ ಅರ್ಥ. ಸೀಲ್ ಹೋಗಲು ಕಾರಣ ಅನೇಕ ಸಲ ಯಾರೋ ಕಳೆದುಕೊಂಡ ಗಾಳದ ನೈಲಾನ್ ದಾರ. ಪಂಖದ ಹಿಂದೆ ಸುತ್ತಿಕೊಂಡು, ಅದು ತಿರುಗಿದಂತೆಲ್ಲ ರಬ್ಬರನ್ನು ಕೊರೆಯುತ್ತಿರುತ್ತದೆ. ಪಂಖ ಕಳಚಿ ನೋಡಿದವರಿಗೆ ಮಾತ್ರ ಕಾಣುತ್ತದೆ.

ಇನ್ನು ಪೆಟ್ರೋಲ್, ನೀರಿಳಿಸುವ ಮೊದಲೇ ಮುಗಿಸಬೇಕಾದ ಕೆಲಸ. ಅಮೆರಿಕದ ಬಂಕುಗಳಲ್ಲಿ ಸಿಗುವುದು ಸಾಮಾನ್ಯವಾಗಿ ಶೇ 10ರಷ್ಟು ಎಥೆನಾಲ್ ಬೆರೆತದ್ದು. ಎಥೆನಾಲಿಗೆ ತೇವವೆಂದರೆ ಪ್ರೀತಿ. ಹೀರಿ ಹೀರಿ ಒಂದು ಹಂತ ದಾಟಿದ ಮೇಲೆ ಅದು ನೀರಿನ ಜೊತೆ ಸೇರಿಕೊಂಡು ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಎಂಜಿನ್ನಿಗೆ ಇಂಧನ ಎಳೆಯುವ ಕೊಳವೆಯ ಬಾಯಿ ಇರುವುದೂ ತಳದಲ್ಲೇ. ಭಾರತದಲ್ಲಿ ಶೇ 20ರ ಮಿಶ್ರಣ ಬಂದ ಮೇಲೆ ತಿಂಗಳುಗಟ್ಟಲೆ ಸ್ಕೂಟರ್ ನಿಲ್ಲಿಸಿ ಊರಿಗೆ ಹೋಗುವವರಿಗೂ ಈ ವಿಷಯ ಹೊಸದಲ್ಲ. ಎಥೆನಾಲ್ ಬೆರೆಸುವುದನ್ನು ಕಾನೂನಿನಿಂದ ಕಡ್ಡಾಯ ಮಾಡಿದ ಮಿನೆಸೋಟಾ, ದೋಣಿ, ಹಿಮದ ಬಂಡಿ, ಹುಲ್ಲು ಕತ್ತರಿಸುವ ಯಂತ್ರದಂಥವಕ್ಕೆ ವಿನಾಯಿತಿ ಕೊಟ್ಟಿದೆ. ಅಂಥವರಿಗಾಗಿ ಎಥೆನಾಲ್ ಇಲ್ಲದ ಪೆಟ್ರೋಲ್ ಬೇರೆಯಾಗಿಯೇ ಸಿಗುತ್ತದೆ. ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಸರ್ ದ್ರವವನ್ನು ಟ್ಯಾಂಕಿಗೆ ಬೆರೆಸಿ ಹತ್ತು ನಿಮಿಷ ಎಂಜಿನ್ ಓಡಿಸಿದರೆ ಅದು ಒಳಗಿನ ಕೊನೆಯ ಕೊಳವೆಯವರೆಗೂ ಮುಟ್ಟುತ್ತದೆ. ಓಡಿಸುವಾಗ ತೋಟದ ಪೈಪಿನ ನೀರು ಹರಿಯುತ್ತಲೇ ಇರಬೇಕು. ಪೈಪಿನ ತುದಿಗೆ, ಕಿವಿ ಮುಚ್ಚುವ ಹೆಡ್‌ಫೋನಿನಂಥ ಎರಡು ರಬ್ಬರ್ ಬಟ್ಟಲುಗಳಿರುತ್ತವೆ. ಅವನ್ನು ಎಂಜಿನ್ ನೀರು ಹೀರುವ ಕಿಂಡಿಗಳಿಗೆ ಕಚ್ಚಿಸುತ್ತಾರೆ. ನೀರಿಲ್ಲದೆ ಅರ್ಧ ನಿಮಿಷ ಓಡಿಸಿದರೂ ಪಂಪಿನೊಳಗಿನ ರಬ್ಬರ್ ಚಕ್ರ ಸುಟ್ಟುಹೋಗಬಹುದು. ಟ್ಯಾಂಕನ್ನು ತುಂಬಿಸಿಡಬೇಕೋ ಖಾಲಿ ಮಾಡಬೇಕೋ ಎಂಬ ಜಗಳ ಮಾತ್ರ ಮುಗಿಯುವಂಥದಲ್ಲ. ಖಾಲಿ ಜಾಗದ ಗಾಳಿಯಲ್ಲಿ ತೇವ ಕೂರುತ್ತದೆಂದು ತುಂಬಿಸುವವರು; ಹಳಸಿದ ಪೆಟ್ರೋಲ್ ಯಾಕೆಂದು ಖಾಲಿ ಮಾಡುವವರು. ಅರ್ಧ ತುಂಬಿಸಿ ಮರೆಯುವುದಂತೂ ಇಬ್ಬರಿಗೂ ಒಪ್ಪಿಗೆಯಿಲ್ಲ.

ಬ್ಯಾಟರಿಯದು ಸಣ್ಣ ಕೆಲಸ, ಆದರೆ ವಿಚಿತ್ರ. ಪೂರ್ತಿ ಚಾರ್ಜಾದ ಬ್ಯಾಟರಿ ಮೈನಸ್ 50ರಲ್ಲೂ ಹೆಪ್ಪುಗಟ್ಟುವುದಿಲ್ಲ. ಚಾರ್ಜ್ ಇಳಿದದ್ದು ಮೈನಸ್ 7ರ ಸುಮಾರಿಗೇ ಹೆಪ್ಪುಗಟ್ಟಿ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ. ಕಳಚಿ ಚಾರ್ಜ್ ಮಾಡಿ ಗ್ಯಾರೇಜಿನಲ್ಲಿ ಇಟ್ಟರೆ ಮುಗಿಯಿತು.

ಆಮೇಲಿನ ಶತ್ರುವಿಗೆ ನಾಲ್ಕು ಕಾಲು. ಸೀಟಿನ ಸ್ಪಂಜು ಇಲಿಗೆ ಒಳ್ಳೆಯ ಹಾಸಿಗೆ, ಲೈಫ್‌ಜಾಕೆಟ್ ಅದಕ್ಕಿಂತ ಒಳ್ಳೆಯದು, ವೈರಿನ ಹೊದಿಕೆ ಹಲ್ಲು ಮಸೆಯಲು. ಪುದೀನ ಎಣ್ಣೆ, ಬಟ್ಟೆ ಒಗೆಯುವ ಸೋಪು, ನುಸಿಗುಳಿಗೆ ಹೀಗೆ ಪ್ರತಿ ಮನೆಗೂ ಒಂದೊಂದು ಔಷಧ. ಯಾವುದೂ ನಂಬಿಕೆಗೆ ಅರ್ಹವಲ್ಲ. ತಿಂಡಿಯ ಚೂರು ಉಳಿಯದಂತೆ ಗುಡಿಸಿ, ಮೆತ್ತೆಗಳನ್ನು ಮನೆಯೊಳಗೆ ಒಯ್ಯುವುದೇ ಗಟ್ಟಿ ಉಪಾಯ. ಕೊನೆಗೆ ದೋಣಿಗೆ ಬಿಳಿಯ ಪ್ಲಾಸ್ಟಿಕ್ ಹಾಳೆ ಹೊದಿಸಿ ಗ್ಯಾಸ್ ಬರ್ನರಿನ ಬಿಸಿ ಹಾಯಿಸಿದರೆ ಅದು ಸುರುಟಿಕೊಂಡು ಮೈಗಂಟಿ ನಿಲ್ಲುತ್ತದೆ. ಹಿಮ ಜಾರಿಹೋಗುವಂತೆ ಒಳಗಿನಿಂದ ಗೂಟ ಕೊಟ್ಟು ಮಧ್ಯ ಎತ್ತರಿಸಿರುತ್ತಾರೆ. ನವೆಂಬರಿನಲ್ಲಿ ದೋಣಿ ಅಂಗಡಿಗಳ ಹಿಂದಿನ ಬಯಲು ನೋಡಿದರೆ ದೋಣಿಗಳು ಸಾಲುಸಾಲಾಗಿ ಕಂಬಳಿ ಹೊದ್ದು ಮಲಗಿದ ಹಾಗೆ.

ಇಷ್ಟೆಲ್ಲ ಎಚ್ಚರವಿರುವ ಮಿನೆಸೋಟಾದಲ್ಲಿ ಎಂಜಿನ್ ಸೀಳುವುದು ಅಪರೂಪ. ಡಿಸೆಂಬರ್ ಬಂದೇ ಬರುತ್ತದೆಂದು ಅಲ್ಲಿ ಎಲ್ಲರಿಗೂ ಗೊತ್ತು. ಏಟು ಬೀಳುವುದು ಚಳಿ ಯಾವಾಗಲೋ ಒಮ್ಮೆ ಬಂದುಹೋಗುವ ಕಡೆ. 2021ರ ಫೆಬ್ರವರಿಯಲ್ಲಿ ಟೆಕ್ಸಾಸಿಗೆ ಶೀತಗಾಳಿ ನುಗ್ಗಿ ವಿದ್ಯುತ್ ಜಾಲವೇ ಕುಸಿದಾಗ ಮನೆಮನೆಗಳಲ್ಲಿ ನೀರಿನ ಪೈಪು ಒಡೆದವು. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ನಿನ ಕನ್ನಡದ ಮನೆಗಳಲ್ಲಿ ಆ ವಾರದ ನೆನಪು ಇನ್ನೂ ಹಸಿಯಾಗಿದೆ. ವರ್ಷವಿಡೀ ನೀರಿನಲ್ಲಿ ಇಟ್ಟುಕೊಳ್ಳಬಹುದಾದ ಊರಿನಲ್ಲಿ ದೋಣಿಯ ಬಿರಡೆ ಬಿಚ್ಚುವ ಅಭ್ಯಾಸವೇ ಯಾರಿಗೂ ಇರುವುದಿಲ್ಲ. ದೋಣಿ ವಿಮೆಯ ಎಷ್ಟೋ ಪಾಲಿಸಿಗಳಲ್ಲಿ ಹೆಪ್ಪುಗಟ್ಟಿ ಆದ ಹಾನಿ ಸೇರಿರುವುದಿಲ್ಲ; ಬೇಕಿದ್ದರೆ ಪ್ರತ್ಯೇಕವಾಗಿ ಕೊಳ್ಳಬೇಕು.

ಔಟ್‌ಬೋರ್ಡ್ ಎಂಜಿನ್ನಿನ ಕಥೆಗೂ ಇದೇ ಸರೋವರಗಳ ಸೀಮೆಯ ನಂಟಿದೆ. ನಾರ್ವೆಯಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಪಕ್ಕದ ವಿಸ್ಕಾನ್ಸಿನ್ ರಾಜ್ಯಕ್ಕೆ ವಲಸೆ ಬಂದ ಓಲೆ ಎವಿನ್‌ರೂಡ್, ಮುಂದೆ ತನ್ನ ಹೆಂಡತಿಯಾಗಲಿದ್ದ ಬೆಸ್‌ಗಾಗಿ ಬಿಸಿಲಲ್ಲಿ ಸರೋವರ ದಾಟಿ ಐಸ್‌ಕ್ರೀಂ ತರಲು ಹೋದನಂತೆ. ಹುಟ್ಟು ಹಾಕಿ ಹಾಕಿ ವಾಪಸು ಬರುವಷ್ಟರಲ್ಲಿ ಐಸ್‌ಕ್ರೀಂ ಕರಗಿತ್ತಂತೆ. ಆ ಸಿಟ್ಟಿನಿಂದಲೇ ದೋಣಿಗೆ ಸಿಕ್ಕಿಸುವ ಮೋಟಾರಿನ ಯೋಚನೆ ಬಂತೆಂದು ಹೇಳುತ್ತಾರೆ. ಐಸ್‌ಕ್ರೀಂ ಎಷ್ಟು ನಿಜವೋ ಗೊತ್ತಿಲ್ಲ, ಮೋಟಾರಂತೂ ನಿಜ. 1909ರಲ್ಲಿ ಮಿಲ್ವಾಕಿಯಲ್ಲಿ ತಯಾರಾದ ಅದಕ್ಕೆ ಒಂದೂವರೆ ಅಶ್ವಶಕ್ತಿ, ತೂಕ 62 ಪೌಂಡು, ಬೆಲೆ 62 ಡಾಲರ್. ಎವಿನ್‌ರೂಡ್ ಹೆಸರಿನ ಎಂಜಿನ್‌ಗಳ ತಯಾರಿಕೆ 2020ರಲ್ಲಿ ನಿಂತಿತು.

ದೊಡ್ಡ ಹಡಗುಗಳಿಗೂ ಚಳಿಗಾಲದ ಈ ನಿದ್ದೆ ತಪ್ಪಿದ್ದಲ್ಲ. ಮಿನೆಸೋಟಾದ ಡುಲೂತ್ ಬಂದರಿನಿಂದ ಕಬ್ಬಿಣದ ಅದಿರು ಹೊತ್ತು ಹೋಗುವ ಸಾವಿರ ಅಡಿಯ ಹಡಗುಗಳು ಸುಪೀರಿಯರ್ ಸರೋವರದಿಂದ ಕೆಳಗಿಳಿಯಲು ಸೂ ಲಾಕ್ಸ್ ಎಂಬ ಜಲದ್ವಾರವನ್ನು ದಾಟಬೇಕು. ಅದನ್ನು ಪ್ರತಿ ವರ್ಷ ಜನವರಿ 15ಕ್ಕೆ ಮುಚ್ಚಿ ಮಾರ್ಚ್ 25ಕ್ಕೆ ತೆರೆಯುತ್ತಾರೆ. ಆ ಹತ್ತು ವಾರ ಹಡಗುಗಳು ದಕ್ಕೆಗೆ ಕಟ್ಟಿಸಿಕೊಂಡು ರಿಪೇರಿಗೆ ಮೈಯೊಡ್ಡುತ್ತವೆ.

ನಮ್ಮ ಕರಾವಳಿಯವರಿಗೆ ಈ ದೃಶ್ಯ ಅಪರಿಚಿತವೇನಲ್ಲ. ಅಲ್ಲಿ ಹಿಮ ಬೀಗ ಹಾಕಿದರೆ ಇಲ್ಲಿ ಮುಂಗಾರು ಹಾಕುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ. ಮಲ್ಪೆಯಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಮೈ ತಾಗಿಸಿ ನಿಲ್ಲುತ್ತವೆ. ಕೆಲವನ್ನು ದಡಕ್ಕೆಳೆದು, ಅಡಿಗೆ ಅಂಟಿದ ಚಿಪ್ಪುಗಳನ್ನು ಹೆರೆದು, ಬಣ್ಣ ಬಳಿಯುತ್ತಾರೆ. ಎಂಜಿನ್ ಬಿಚ್ಚುತ್ತಾರೆ, ಬಲೆ ಹೆಣೆಯುತ್ತಾರೆ. ಇಲ್ಲಿನ ಎಂಜಿನ್ನಿಗೆ ಹೆಪ್ಪುಗಟ್ಟುವ ಭಯವಿಲ್ಲ, ಉಪ್ಪಿನ ಭಯ. ಒಳಗೆ ಉಳಿದ ಉಪ್ಪುನೀರು ಆರಿ ಹರಳಾಗಿ ನೀರಿನ ದಾರಿ ಮುಚ್ಚುತ್ತದೆ, ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಹಾಗಾಗಿ ಔಟ್‌ಬೋರ್ಡಿನೊಳಗೆ ಸಿಹಿನೀರು ಹಾಯಿಸಿ ತೊಳೆಯುವುದೇ ಮೊದಲ ಕೆಲಸ. ಅಲ್ಲಿ ಸಿಹಿನೀರನ್ನು ಹೊರಗೆ ಹಾಕಲು ಒದ್ದಾಡುವವರು, ಇಲ್ಲಿ ಸಿಹಿನೀರನ್ನು ಒಳಗೆ ಬಿಡುವವರು. ಮಳೆ ತಗ್ಗಿ ನೂಲ ಹುಣ್ಣಿಮೆ ಬಂದಾಗ ಮೊಗವೀರರು ಸಮುದ್ರಕ್ಕೆ ಹಾಲೆರೆದು, ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡುತ್ತಾರೆ.

ಮಿನೆಸೋಟಾದಲ್ಲಿ ಹಾಗೆ ಎದುರು ನೋಡುವ ದಿನವೆಂದರೆ ಮೇ ನಡುವಿನ ಶನಿವಾರ, ವಾಲೈ ಮೀನಿನ ಬೇಟೆ ಶುರುವಾಗುವ ದಿನ. ಹಿಂದಿನ ರಾತ್ರಿಯೇ ಪ್ಲಾಸ್ಟಿಕ್ ಹರಿದು, ಬ್ಯಾಟರಿ ಕೂರಿಸಿ, ಟ್ರೇಲರನ್ನು ಜೀಪಿಗೆ ಕಟ್ಟಿರುತ್ತಾರೆ. ದೋಣಿ ನೀರಿಗಿಳಿಸುವ ಇಳಿಜಾರಿನಲ್ಲಿ ನಸುಕಿಗೇ ಸಾಲು. ದೋಣಿಯ ಹಿಂಬದಿಯ ತಳದಲ್ಲಿ ಹೆಬ್ಬೆರಳು ಗಾತ್ರದ ಒಂದು ತೂತಿದೆ. ಚಳಿಗಾಲವಿಡೀ ಅದು ತೆರೆದೇ ಇರುತ್ತದೆ, ಒಳಗೆ ಬಿದ್ದ ಮಳೆನೀರು ಹರಿದುಹೋಗಲೆಂದು. ರಸ್ತೆಯಲ್ಲಿ ದೋಣಿ ಎಳೆದುಕೊಂಡು ಹೋಗುವಾಗಲೂ ಅದರ ಬಿರಡೆ ಹಾಕುವಂತಿಲ್ಲ. ಒಂದು ಸರೋವರದ ನೀರಿನ ಜೊತೆ ಝೀಬ್ರಾ ಮಸೆಲ್ ಎಂಬ ಪುಟ್ಟ ಚಿಪ್ಪುಜೀವಿಯ ಮರಿಗಳು ಇನ್ನೊಂದಕ್ಕೆ ಹೋಗದಿರಲೆಂದು ರಾಜ್ಯ ಮಾಡಿದ ಕಾನೂನದು. 2010ರಲ್ಲಿ ಮಿನೆಟೋಂಕ ಸರೋವರಕ್ಕೆ ಆ ಚಿಪ್ಪು ಬಂದಾಗಿದೆ. ಹಾಗಾಗಿ ಬಿರಡೆ ಹಾಕಲು ಸಿಗುವುದು ನೀರಿಗಿಳಿಸುವ ಮುಂಚಿನ ಎರಡೇ ನಿಮಿಷ, ಅದೂ ಹಿಂದೆ ಹತ್ತು ಜನ ಕಾಯುತ್ತಿರುವಾಗ. ಅಲ್ಲಿನ ಯಾವ ಗೆಳೆಯರ ಬಳಿಯಾದರೂ ದೋಣಿಯಿದ್ದರೆ ಇಷ್ಟು ಹೇಳಿ: ಅಕ್ಟೋಬರಿನಲ್ಲಿ ಬಿಚ್ಚಿದ ಆ ಬಿರಡೆಯನ್ನು ದೋಣಿಯ ಕೀಲಿಕೈಗೇ ದಾರದಿಂದ ಕಟ್ಟಿಡಲಿ. ಕೀಲಿ ಸಿಕ್ಕದೆ ಎಂಜಿನ್ ಶುರುವಾಗುವುದಿಲ್ಲ. ಕೀಲಿ ಕೈಗೆ ಬಂದರೆ ಬಿರಡೆಯೂ ಬರುತ್ತದೆ.